ರಾತ್ರಿ ಕೆಂಪು, ಬೆಳಿಗ್ಗೆ ಹಸಿರು: ಈ ಬಿಲ್ಡ್ ಕಾಟ | ಕಲಬುರಗಿ ವ್ಲಾಗ್

ಸ್ಕ್ರೀನ್ ಮೇಲೆ ಬಿಸಿಲು ಬಿದ್ದಿದೆ ಅಲ್ವಾ? ಕಿಟಕಿ ಮುಚ್ಚಿದರೆ ಧಗೆ. ಕಲಬುರಗಿ ಬೇಸಿಗೆ, ಸಹಿಸ್ಕೊಳ್ಳಿ.

ಈ ಕೆಂಪು ಸಾಲು ನೋಡಿ. ನಮ್ಮ ಸಾಫ್ಟ್‌ವೇರ್‌ನ ಡಾಕ್ಯುಮೆಂಟೇಷನ್, ಅಂದರೆ ಕೈಪಿಡಿ, ಸ್ಫಿಂಕ್ಸ್ ಅನ್ನೋ ಟೂಲ್‌ನಲ್ಲಿ ಇದೆ. ದಿನಾ ರಾತ್ರಿ 2 ಗಂಟೆಗೆ ಈ ಕಂಪ್ಯೂಟರ್ ತಾನೇ ಬಿಲ್ಡ್ ಮಾಡುತ್ತೆ, ಅಂದರೆ ಬರೆದಿದ್ದನ್ನ ಓದೋ ಪುಟಗಳಾಗಿ ಮಾಡುತ್ತೆ. ತಿಂಗಳಿಗೆ ಒಂದೆರಡು ಸಲ ಫೇಲ್. ಬೆಳಿಗ್ಗೆ ನಾನು ಓಡಿಸಿದರೆ ಪಾಸ್. ಒಂದಕ್ಷರ ಮುಟ್ಟಿಲ್ಲ! ದಿನಾ ಫೇಲ್ ಆಗೋ ಬಿಲ್ಡೇ ವಾಸಿ, ಹಿಡಿಯೋಕಾದರೂ ಸಿಗುತ್ತೆ.

ಪ್ಯಾರಲಲ್ ಬಿಲ್ಡ್, ಅಂದರೆ ಕೆಲಸ ಹಂಚಿ ಒಟ್ಟಿಗೇ ಮಾಡೋದು, ಆಫ್ ಮಾಡಿ ನೋಡಿದೆ. ನಿಧಾನ ಆಯ್ತು, ಅಷ್ಟೇ.

ಅವ್ವ ಚಹಾ ಕೊಡ್ತಾ, "ರಾತ್ರಿ ಕರೆಂಟ್ ಹೋಗಿತ್ತಲ್ಲೋ, ಅದಕ್ಕ ಇರಬೇಕು" ಅಂದಳು. ಕಂಪ್ಯೂಟರ್ ಇನ್ವರ್ಟರ್ ಮೇಲಿದೆ ಅವ್ವಾ, ಅಂದೆ. ಆಮೇಲೆ ತಲೆಗೆ ಬಂತು: ರೂಟರ್ ಇನ್ವರ್ಟರ್ ಮೇಲಿಲ್ಲ, ನೆಟ್ ಹೋಗಿರುತ್ತೆ! ತಕ್ಷಣ ನಮ್ಮೂರ ಸೂಪರ್ ಮಾರ್ಕೆಟ್ ಬಜಾರ್‌ಗೆ ಗಾಡಿ ಬಿಟ್ಟೆ. ಇದೇ ಆ ಡಬ್ಬಿ, ರೂಟರ್‌ಗೆ ಹಾಕೋ ಸಣ್ಣ ಯುಪಿಎಸ್. 1,450 ರೂಪಾಯಿ! 1,600 ಹೇಳಿದ್ದರು, ಅರ್ಧ ಗಂಟೆ ಚೌಕಾಸಿ ಮಾಡಿದೆ. ಗೆದ್ದೆ ಅಂದ್ಕೊಂಡು ಎದುರಿಗೇ ಮಿರ್ಚಿ ಭಜಿ ಬೇರೆ ತಿಂದೆ. ಮನೆಗೆ ಬಂದು ಲಾಗ್ ತೆಗೆದರೆ, ಹೋದ ಮಂಗಳವಾರ ರಾತ್ರಿನೂ ಕರೆಂಟ್ ಇರಲಿಲ್ಲ, ಆದರೂ ಬಿಲ್ಡ್ ಪಾಸ್! ಭಜಿ ಗಂಟಲಿಗೇ ಬಂತು.

ಆಮೇಲೆ ಕೂತು ವಾರ್ನಿಂಗ್ ಓದಿದೆ. ಮೊದಲೇ ಓದಬೇಕಿತ್ತು, ಗೊತ್ತು. ಇಂಟರ್‌ಸ್ಫಿಂಕ್ಸ್ ಅಂತ ಸ್ಫಿಂಕ್ಸ್‌ನದೇ ಒಂದು ಎಕ್ಸ್‌ಟೆನ್ಷನ್ ಇದೆ. ಪೈಥಾನ್ ಭಾಷೆಯ ಡಾಕ್ಯುಮೆಂಟೇಷನ್‌ಗೆ ಲಿಂಕ್ ಕೊಡೋಕೆ ಅಲ್ಲಿಂದ ಆಬ್ಜೆಕ್ಟ್ಸ್ ಡಾಟ್ ಐಎನ್‌ವಿ ಅನ್ನೋ ಫೈಲ್, ಅಂದರೆ ಲಿಂಕ್‌ಗಳ ಪಟ್ಟಿ, ನೆಟ್‌ನಿಂದ ತರುತ್ತೆ. ದಿನಾ ತರಲ್ಲ. ನಾವು ಸೆಟ್ಟಿಂಗ್ ಬದಲಿಸದಿದ್ದರೆ ಕ್ಯಾಶ್‌ನಲ್ಲಿ, ಅಂದರೆ ಇದೇ ಕಂಪ್ಯೂಟರ್‌ನಲ್ಲಿ ತಾತ್ಕಾಲಿಕವಾಗಿ, 5 ದಿನ ಇಟ್ಕೊಳ್ಳುತ್ತೆ. ಅವಧಿ ಮುಗಿದ ರಾತ್ರಿನೇ ಕರೆಂಟ್ ಹೋಗಿ ನೆಟ್ ಬಿದ್ದರೆ ವಾರ್ನಿಂಗ್. ವಾರ್ನಿಂಗ್ ಬಂದರೆ ಎರರ್ ಅಂತ ತಗೋ ಅನ್ನೋ ಡಬ್ಲ್ಯೂ ಆಪ್ಷನ್ ಹಾಕಿದ್ದು ನಾನೇ, ಬಹಳ ಶಿಸ್ತಿನವನು ನೋಡಿ. ಮಂಗಳವಾರ ಕ್ಯಾಶ್ ತಾಜಾ ಇತ್ತು, ಬಚಾವ್. ಅವ್ವ ಹೇಳಿದ್ದು ಅರ್ಧ ಸರಿ. ಅವಳಿಗೆ ಹೇಳಬೇಡಿ.

ಆ ಫೈಲ್‌ನ ಒಂದು ಕಾಪಿ ಪ್ರಾಜೆಕ್ಟ್ ಒಳಗೇ ಇಟ್ಟೆ. ಕಾನ್ಫಿಗ್‌ನಲ್ಲಿ ಎರಡು ದಾರಿ: ಮೊದಲು ನೆಟ್, ಸಿಗದಿದ್ದರೆ ಈ ಕಾಪಿ. ಖರ್ಚು ಸೊನ್ನೆ. ಯುಪಿಎಸ್ ದಂಡ ಅಂದಿದ್ದೆ. ಆದರೆ ನಿನ್ನೆ ಕರೆಂಟ್ ಹೋದಾಗಲೂ ಅವ್ವ ಮೊಬೈಲ್‌ನಲ್ಲಿ ಧಾರಾವಾಹಿ ನೋಡ್ತಿದ್ದಳು. ಇರಲಿ ಬಿಡಿ, ಒಳ್ಳೇ ಡಬ್ಬಿನೇ.

ಓ, ನೋಡಿ ನೋಡಿ, ರೂಟರ್ ವೈರ್ ಕಿತ್ತೇ ಓಡಿಸಿದ್ದೆ... ಹಸಿರು! ಬ್ಯಾಟರಿ ಮುಗೀತಿದೆ, ಕ್ಯಾಮೆರಾದ್ದು.