ಕೇಳುವವರು ಕಟ್ಟುವ ಮಾತು

ಸ್ನೇಹಿತರೇ,

ಇಂದು ನಾನು ಮಾತನಾಡಬೇಕೆಂದಿರುವುದು ಲೋಕಾಭಿರಾಮದ ಬಗ್ಗೆ. ದಿನದ ಕೆಲಸ ಹೇಗಾಯಿತು, ಊಟ ರುಚಿಸಿತೆ, ಎಂದೋ ನಡೆದ ಸಂಗತಿಯೊಂದು ಈಗ ಯಾಕೆ ನೆನಪಾಯಿತು ಎಂದು ಇಬ್ಬರೋ ಮೂವರೋ ಕುಳಿತು ಯಾವ ಉದ್ದೇಶವನ್ನೂ ಮುಂದಿಟ್ಟುಕೊಳ್ಳದೆ ಆಡುವ ಮಾತು ಅದು. ಹರಟೆ, ಕಾಡುಹರಟೆ, ಪಟ್ಟಾಂಗ ಎಂದೆಲ್ಲ ಅದಕ್ಕೆ ಹೆಸರುಗಳಿವೆ. ಆ ಹೆಸರುಗಳನ್ನು ಹೇಳುವಾಗ ನಮ್ಮ ದನಿಯಲ್ಲಿ ಸ್ವಲ್ಪ ತಾತ್ಸಾರವೂ ಇಣುಕುತ್ತದೆ. ಭಾಷಣಕ್ಕೆ, ಸಂದರ್ಶನಕ್ಕೆ ನಾವು ತಯಾರಿ ಮಾಡಿಕೊಳ್ಳುತ್ತೇವೆ, ಹರಟೆಗೆ ಯಾರೂ ತಯಾರಾಗುವುದಿಲ್ಲ. ಆದರೆ ಮಗು ಭಾಷೆ ಕಲಿಯುವುದು ಇಂಥ ಮಾತಿನಲ್ಲಿ, ಅಪರಿಚಿತರು ಪರಿಚಿತರಾಗುವುದು ಇಂಥ ಮಾತಿನಲ್ಲಿ, ದೂರವಾದವರು ಮತ್ತೆ ಹತ್ತಿರ ಬರುವುದೂ ಬಹುಮಟ್ಟಿಗೆ ಇಂಥ ಮಾತಿನಲ್ಲೇ.

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆ ನಿಮಗೆಲ್ಲ ಗೊತ್ತಿದೆ. ಗಾದೆಯ ಎರಡನೆಯ ಅರ್ಧದ ಜೊತೆ ನನಗೊಂದು ತಕರಾರು ಇದೆ. ಅದು ಮಾತನ್ನು ಆಡುವ ಒಬ್ಬನ ಜಾಣ್ಮೆಯೆಂದು ಎಣಿಸುತ್ತದೆ. ಇದಕ್ಕಿಂತ ಸತ್ಯಕ್ಕೆ ಹತ್ತಿರವಾದ ತಿಳಿವಳಿಕೆ ಕನ್ನಡದ ಒಂದೇ ಒಂದು ಕ್ರಿಯಾಪದದಲ್ಲಿ ಅಡಗಿದೆ: ಹೂಂಗುಟ್ಟುವುದು. ಕಥೆ ಹೇಳುವವರ ಎದುರಿಗೆ ಹೂಂಗುಟ್ಟುವವರು ಒಬ್ಬರು ಬೇಕು, ಅವರು ನಿಲ್ಲಿಸಿದರೆ ಕಥೆಯೂ ನಿಲ್ಲುತ್ತದೆ ಎಂಬುದನ್ನು ಆ ಪದ ಒಪ್ಪಿಕೊಂಡಿದೆ. ಇಂದು ನಾನು ಹೇಳಬೇಕೆಂದಿರುವುದೂ ಇಷ್ಟೇ: ಸಾಮಾನ್ಯ ಸಂಭಾಷಣೆಯನ್ನು ಹೇಳುವವರಿಗಿಂತ ಹೆಚ್ಚಾಗಿ ಕೇಳುವವರು ಕಟ್ಟುತ್ತಾರೆ.

ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ 1923ರಲ್ಲಿ ಪ್ರಕಟಿಸಿದ ಒಂದು ಬರಹದಲ್ಲಿ ಈ ಬಗೆಯ ಮಾತಿಗೆ ಮೊದಲ ಬಾರಿಗೆ ಶಾಸ್ತ್ರೀಯವಾದ ಒಂದು ಹೆಸರನ್ನು ಕೊಟ್ಟರು. ಆರೋಗ್ಯ ವಿಚಾರಿಸುವುದು, ಹವೆಯ ಬಗ್ಗೆ ಮಾತನಾಡುವುದು ಮೊದಲಾದವುಗಳ ಕೆಲಸ ವಿಷಯವನ್ನು ತಿಳಿಸುವುದಲ್ಲ, ಮನುಷ್ಯರ ನಡುವೆ ನಂಟನ್ನು ಬೆಸೆಯುವುದು ಎಂದು ಅವರು ವಾದಿಸಿದರು. ಈ ಮಾತು ಅರ್ಧ ಸರಿ ಎಂದು ನನಗೆ ಅನ್ನಿಸುತ್ತದೆ. ನಂಟು ಬೆಸೆಯುತ್ತದೆ ಎಂಬುದು ನಿಜ, ಆದರೆ ವಿಷಯ ಮುಖ್ಯವಲ್ಲ ಎಂದುಕೊಂಡರೆ ಹರಟೆಯೊಳಗೆ ನಡೆಯುವ ಸೂಕ್ಷ್ಮ ಕೆಲಸ ಕಣ್ಣಿಗೆ ಬೀಳುವುದೇ ಇಲ್ಲ.

ಆ ಕೆಲಸವನ್ನು ಕಾಣುವಂತೆ ಮಾಡಿದ್ದು ಧ್ವನಿಮುದ್ರಣ ಯಂತ್ರ, ಮತ್ತು ಅದರ ಮುಂದೆ ತಾಳ್ಮೆಯಿಂದ ಕುಳಿತ ಹಾರ್ವೆ ಸ್ಯಾಕ್ಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ. 1960ರ ದಶಕದಲ್ಲಿ ಅವರು ಲಾಸ್ ಏಂಜಲೀಸ್‌ನ ಆತ್ಮಹತ್ಯೆ ತಡೆ ಕೇಂದ್ರವೊಂದಕ್ಕೆ ಬರುತ್ತಿದ್ದ ದೂರವಾಣಿ ಕರೆಗಳ ಮುದ್ರಣಗಳನ್ನು ಕೇಳುತ್ತ, ಒಂದೊಂದು ತಡವರಿಕೆಯನ್ನೂ ಬರೆದಿಟ್ಟುಕೊಳ್ಳುತ್ತ, ಆಮೇಲೆ ಅದೇ ಕಿವಿಯನ್ನು ಸಾಮಾನ್ಯ ಮಾತಿನ ಕಡೆಗೂ ತಿರುಗಿಸಿದರು. ಇಮ್ಯಾನ್ಯುಯೆಲ್ ಶೆಗ್ಲಾಫ್ ಮತ್ತು ಗೇಲ್ ಜೆಫರ್ಸನ್ ಜೊತೆಗೂಡಿ 1974ರಲ್ಲಿ ಅವರು ಪ್ರಕಟಿಸಿದ ಲೇಖನ, ಮಾತಿನ ಸರದಿ ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ದಾಟುತ್ತದೆ ಎಂಬುದನ್ನು ವಿವರಿಸಿತು. ಮರುವರ್ಷವೇ ಸ್ಯಾಕ್ಸ್ ಕಾರು ಅಪಘಾತದಲ್ಲಿ ತೀರಿಕೊಂಡರು.

ಸರದಿ ದಾಟುವುದು ಎಷ್ಟು ಬೇಗ ನಡೆಯುತ್ತದೆ ಎಂಬುದನ್ನು ಸ್ವಲ್ಪ ಗಮನಿಸಿ. ಪರಸ್ಪರ ಸಂಬಂಧವಿಲ್ಲದ ಹಲವು ಭಾಷೆಗಳೂ ಸೇರಿದಂತೆ ಹತ್ತು ಭಾಷೆಗಳ ಸಹಜ ಸಂಭಾಷಣೆಯನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೌದು-ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗೂ ಅದರ ಉತ್ತರಕ್ಕೂ ನಡುವಿನ ಬಿಡುವು ಸರಾಸರಿ ಸುಮಾರು 200 ಮಿಲಿಸೆಕೆಂಡು, ಎಂದರೆ ಒಂದು ಸೆಕೆಂಡಿನ ಐದನೆಯ ಒಂದು ಭಾಗ, ಎಂದು ಕಂಡುಬಂತು. ಜಪಾನೀ ಭಾಷೆಯವರು ಇದಕ್ಕಿಂತ ಬೇಗ ಉತ್ತರಿಸುತ್ತಿದ್ದರು, ಡೇನಿಷ್ ಭಾಷೆಯವರು ತುಸು ತಡವಾಗಿ. ಆದರೂ ಎಲ್ಲರೂ ಆ ಸರಾಸರಿಯ ಆಚೀಚೆ ಕಾಲು ಸೆಕೆಂಡಿನೊಳಗೇ ಇದ್ದರು. ಇದೇನು ಮಹಾ ಎನ್ನಿಸಬಹುದು. ಆದರೆ ಒಂದು ಚಿತ್ರವನ್ನು ತೋರಿಸಿ ಅದರ ಹೆಸರನ್ನಷ್ಟೇ ಹೇಳಿ ಎಂದರೂ ಬಾಯಿ ತೆರೆಯಲು ನಮಗೆ 600 ಮಿಲಿಸೆಕೆಂಡಿನಷ್ಟು ಹೊತ್ತು ಬೇಕಾಗುತ್ತದೆ. ಹಾಗಿದ್ದರೆ ಐದರಲ್ಲೊಂದು ಸೆಕೆಂಡಿನಲ್ಲಿ ಉತ್ತರ ಬರುವುದು ಹೇಗೆ? ಎದುರಿನವರ ವಾಕ್ಯ ಇನ್ನೂ ಅವರ ಬಾಯಲ್ಲಿರುವಾಗಲೇ ಕೇಳುವವರು ಅದು ಎಲ್ಲಿ ಮುಗಿಯುತ್ತದೆಂದು ಊಹಿಸಿ, ತಮ್ಮ ಉತ್ತರವನ್ನು ಸಿದ್ಧಪಡಿಸಿಕೊಂಡಿರುತ್ತಾರೆ. ಸುಮ್ಮನೆ ಕುಳಿತಂತೆ ಕಾಣುವ ಕೇಳುಗರ ಮನಸ್ಸು ಆ ಹೊತ್ತಿನಲ್ಲಿ ಎರಡು ಪಾಲು ದುಡಿಯುತ್ತಿರುತ್ತದೆ.

ಈಗ ಕೆಲಸದ ಬಗೆಗಿನ ಮಾತಿಗೆ ಬರೋಣ. "ಹೇಗಿದ್ದೀರಿ?" ಎಂದು ಕೇಳಿದಾಗ "ಚೆನ್ನಾಗಿದ್ದೇನೆ" ಎನ್ನುವವರೆಲ್ಲ ಚೆನ್ನಾಗಿರುವುದಿಲ್ಲ. ಸ್ಯಾಕ್ಸ್ ಇದರ ಬಗ್ಗೆ ಬಹಳ ಆಳವಾಗಿ ಯೋಚಿಸಿದ್ದರು. "ಚೆನ್ನಾಗಿಲ್ಲ" ಎಂದೊಡನೆ "ಯಾಕೆ, ಏನಾಯಿತು?" ಎಂಬ ಪ್ರಶ್ನೆ ಬರಲೇಬೇಕು, ಆ ಪ್ರಶ್ನೆಗೆ ಉತ್ತರ ಹೇಳಲು ಎದುರಿಗಿರುವವರು ತಕ್ಕವರೇ, ಅವರಿಗೆ ಕೇಳುವಷ್ಟು ಬಿಡುವಿದೆಯೇ ಎಂಬ ಲೆಕ್ಕ ಮೊದಲೇ ನಡೆದುಹೋಗುತ್ತದೆ, ಲೆಕ್ಕ ಕೂಡದಿದ್ದರೆ ಸುಳ್ಳು ಹೇಳುವುದೊಂದೇ ದಾರಿ ಎಂಬುದು ಅವರ ವಿವರಣೆ. ಇದನ್ನು ಕಪಟವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಕಷ್ಟವನ್ನು ಯಾರ ಹೆಗಲಿಗೆ ಏರಿಸಬಹುದು, ಯಾರಿಗೆ ಏರಿಸಬಾರದು ಎಂಬ ವಿವೇಚನೆ ಅದರಲ್ಲಿದೆ.

ಹಾಗೆ ಅಳೆದು ಸುರಿದು, ಕೊನೆಗೆ ಒಬ್ಬರು ಬಾಯಿಬಿಟ್ಟು "ಇವತ್ತು ತಲೆ ಎತ್ತೋದಕ್ಕೂ ಪುರುಸೊತ್ತು ಸಿಗಲಿಲ್ಲ" ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಕೇಳಿಸಿಕೊಂಡವರು ಆಗ ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ತಕ್ಷಣ ಸಲಹೆ ಕೊಡುವುದು: "ಮೇಲಿನವರಿಗೆ ಹೇಳಿಬಿಡಬಾರದಿತ್ತೆ?" ಉತ್ತರ ಏನು ಬರುತ್ತದೆ ಎಂಬುದು ನಿಮಗೂ ಅನುಭವವಿದೆ: "ಹೇಳಬಹುದು, ಆದರೆ..." ಇನ್ನೊಂದು ಸಲಹೆ, ಇನ್ನೊಂದು "ಆದರೆ". ಜೆಫರ್ಸನ್ ಮತ್ತು ಜಾನ್ ಲೀ 1981ರ ಲೇಖನವೊಂದರಲ್ಲಿ ಪರಿಶೀಲಿಸಿದ್ದು ಈ "ಆದರೆ"ಯನ್ನೇ. ಕಷ್ಟ ಹೇಳಿಕೊಳ್ಳುತ್ತಿರುವವರಿಗೆ ಬೇಕಾಗಿರುವುದು ಕಷ್ಟವನ್ನು ಕೇಳುವವರು, ಸಲಹೆ ಕೊಡುವವರು ಆ ಜಾಗದಲ್ಲಿ ಬಂದು ಕುಳಿತರೆ ಸಂಭಾಷಣೆಯ ಸ್ವರೂಪವೇ ಬದಲಾಗುತ್ತದೆ ಎಂದು ಅವರು ತೋರಿಸಿದರು. ಸಲಹೆ ಎಷ್ಟೇ ಒಳ್ಳೆಯದಿರಲಿ, ಅಕಾಲದಲ್ಲಿ ಬಂದರೆ ತಿರಸ್ಕಾರಕ್ಕೆ ಒಳಗಾಗುತ್ತದೆ. ಹೇಳುತ್ತಿರುವವರ ಅನುಭವ ಅಲ್ಲಿ ಬಗೆಹರಿಸಬೇಕಾದ ಸಮಸ್ಯೆಯಾಗಿಬಿಡುತ್ತದೆ, ಅವರಿಗೆ ಅದು ಇನ್ನೂ ಅನುಭವವಾಗಿಯೇ ಇರುತ್ತದೆ. ನಾನು ವರ್ಷಗಟ್ಟಲೆ ಈ ತಪ್ಪನ್ನು ಮಾಡಿದ್ದೇನೆ, ಅದೂ ಸಹಾಯ ಮಾಡುತ್ತಿದ್ದೇನೆ ಎಂಬ ಪೂರ್ಣ ನಂಬಿಕೆಯಿಂದ.

ಊಟದ ಬಗೆಗಿನ ಮಾತು ಇಷ್ಟು ಜಟಿಲವಾದದ್ದಲ್ಲ, ಆದರೆ ಅಲ್ಲಿಯೂ ಒಂದು ಗಣಿತ ಇದೆ. ಒಬ್ಬರು "ಚೆನ್ನಾಗಿದೆ" ಎಂದಾಗ ಇನ್ನೊಬ್ಬರು "ತುಂಬಾ ಚೆನ್ನಾಗಿದೆ" ಎಂದರೆ ಒಪ್ಪಿದಂತೆ. ಅವರೂ ಬರೇ "ಚೆನ್ನಾಗಿದೆ" ಎಂದರೆ, ಅದರಲ್ಲೂ ತುಸು ತಡೆದು ಎಂದರೆ, ಒಪ್ಪಿಗೆಯ ಕೆಳಗೆ ಏನೋ ಉಳಿದಿದೆ ಎಂದು ಕೇಳಿದವರಿಗೆಲ್ಲ ತಿಳಿಯುತ್ತದೆ. ಒಪ್ಪಿಗೆ ಒಂದು ಮೆಟ್ಟಿಲು ಮೇಲಿಂದ ಬರಬೇಕು ಎಂಬ ಈ ನಡಾವಳಿಯನ್ನು ಅನಿತಾ ಪೊಮೆರಾಂಟ್ಸ್ 1984ರಲ್ಲಿ ವಿವರಿಸಿದರು. ಇದಕ್ಕೊಂದು ಮುಖ್ಯವಾದ ಅಪವಾದವೂ ಇದೆ. ಅಡುಗೆ ಮಾಡಿದವರೇ "ಉಪ್ಪು ಜಾಸ್ತಿಯಾಯಿತೇನೋ" ಎಂದರೆ, ಆಗ ಬೇಗ ಬರಬೇಕಾದದ್ದು ಭಿನ್ನಾಭಿಪ್ರಾಯ. "ಇಲ್ಲವಲ್ಲ!" ಎಂಬ ಮಾತು ಅರ್ಧ ಸೆಕೆಂಡು ತಡವಾದರೂ ಸಾಕು, ಆಮೇಲೆ ಎಷ್ಟು ಹೊಗಳಿದರೂ ಅದು ತುಂಬಿಬರುವುದಿಲ್ಲ. ಇನ್ನೊಂದು ವಿಷಯ: ಬಾಯಿ ತುತ್ತಿನಲ್ಲಿ ತೊಡಗಿರುವುದರಿಂದ ಉಣ್ಣುವಾಗಿನ ಮೌನಕ್ಕೆ ಯಾರೂ ಕಾರಣ ಕೊಡಬೇಕಾಗಿಲ್ಲ. ಬೇರೆಡೆ ನಾಲ್ಕು ಸೆಕೆಂಡಿನ ಮೌನ ಇರುಸುಮುರುಸು ಉಂಟುಮಾಡುತ್ತದೆ. ಊಟಕ್ಕೆ ಕುಳಿತಾಗ ಅದು ಮೌನವೆನಿಸುವುದೂ ಇಲ್ಲ. ಮಾತು ಕಡಿಮೆ ಇರುವವರು, ಬೇರೆ ಹೊತ್ತಿನಲ್ಲಿ ಬಾಯಿಬಿಡದವರು, ಉಣ್ಣುವಾಗ ಏನಾದರೊಂದು ಹೇಳಲು ಧೈರ್ಯ ಮಾಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಊಟದ ಮಾತು ನೆನಪಿನ ಕಡೆಗೆ ಹೊರಳುವುದಕ್ಕೆ ದೇಹದಲ್ಲೂ ಒಂದು ಕಾರಣವಿದೆ. ನೋಟ, ಶಬ್ದ, ಸ್ಪರ್ಶಗಳ ಸುದ್ದಿ ಮಿದುಳಿನ ಹೊರಪದರವನ್ನು ತಲುಪುವ ಮುನ್ನ ಥಾಲಮಸ್ ಎಂಬ ಭಾಗವನ್ನು ಹಾದುಹೋಗುತ್ತದೆ. ವಾಸನೆಯ ಸುದ್ದಿ ಮಾತ್ರ ಆ ತಂಗುದಾಣದಲ್ಲಿ ನಿಲ್ಲದೆ, ಭಾವನೆ ಮತ್ತು ನೆನಪುಗಳಿಗೆ ಸಂಬಂಧಿಸಿದ ಭಾಗಗಳ ಸಮೀಪಕ್ಕೆ ನೇರವಾಗಿ ಹೋಗುತ್ತದೆ. ನಾವು ರುಚಿ ಎನ್ನುವುದರ ದೊಡ್ಡ ಪಾಲು ವಾಸನೆಯೇ ಆಗಿರುವುದರಿಂದ ಒಂದು ತುತ್ತು ಮೂವತ್ತು ವರ್ಷ ಹಿಂದಿನ ಒಂದು ಸಂಜೆಯನ್ನು ಎಬ್ಬಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ಆದರೆ ಎದ್ದ ನೆನಪು ಕಥೆಯಾಗುವುದು ಕೇಳುವವರು ಇದ್ದರೆ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಜಾನೆಟ್ ಬವೆಲಾಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ಎಷ್ಟು ಸಲ ಓದಿದರೂ ನನ್ನ ಬೆರಗು ಕಡಿಮೆಯಾಗಿಲ್ಲ. ಕೂದಲೆಳೆಯಲ್ಲಿ ಅಪಾಯದಿಂದ ಪಾರಾದ ತಮ್ಮದೇ ಅನುಭವವೊಂದನ್ನು ಹೇಳುವಂತೆ ಕೆಲವರನ್ನು ಕೇಳಲಾಯಿತು. ಎದುರಿಗೆ ಕುಳಿತವರಲ್ಲಿ ಕೆಲವರಿಗೆ ಗುಟ್ಟಾಗಿ ಒಂದು ಕೆಲಸ ಒಪ್ಪಿಸಲಾಗಿತ್ತು: ಕಥೆಯಲ್ಲಿ ಒಂದು ನಿರ್ದಿಷ್ಟ ಅಕ್ಷರದಿಂದ ಆರಂಭವಾಗುವ ಪದ ಬಂದಾಗಲೆಲ್ಲ ಗುಂಡಿ ಒತ್ತಬೇಕು. ಅವರು ಹೇಳುವವರನ್ನೇ ನೋಡುತ್ತಿದ್ದರು, ಪ್ರತಿಯೊಂದು ಪದವನ್ನೂ ಗಮನಿಸುತ್ತಿದ್ದರು. ಕಥೆಯ ಹುರುಳು ಮಾತ್ರ ಅವರ ಕಿವಿಗೆ ಇಳಿಯಲಿಲ್ಲ. ಸರಿಯಾದ ಜಾಗದಲ್ಲಿ ಬೆಚ್ಚುವುದು, ಉಸಿರು ಬಿಗಿಹಿಡಿಯುವುದು, ಬರಬೇಕಾದ ಉದ್ಗಾರ, ಯಾವುದೂ ಅವರಿಂದ ಬರಲಿಲ್ಲ. ಹಾಗಾದಾಗ ಹೇಳುವವರ ಕಥೆಯೇ ಕೆಟ್ಟಿತು. ಅದರಲ್ಲೂ ಕೊನೆ ಬಿದ್ದುಹೋಯಿತು. ಮುಗಿದ ಕೊನೆಯನ್ನು ಅವರು ಮತ್ತೆ ಮತ್ತೆ ಹೇಳಿದರು, ಅದು ನಿಜವಾಗಿಯೂ ಅಪಾಯವಾಗಿತ್ತು ಎಂದು ಸಮರ್ಥಿಸಿಕೊಳ್ಳತೊಡಗಿದರು. ತಮ್ಮದೇ ಬದುಕಿನ ಘಟನೆಯನ್ನು ತಾವೇ ಹೇಳುತ್ತಿದ್ದರೂ ಅದನ್ನು ಮುಗಿಸುವ ಶಕ್ತಿ ಎದುರಿನವರ ಮುಖದಲ್ಲಿತ್ತು.

ಮಕ್ಕಳ ವಿಷಯದಲ್ಲಿ ಇದು ಇನ್ನೂ ದೂರ ಹೋಗುತ್ತದೆ. ಕಳೆದುಹೋದ ದಿನದ ಬಗ್ಗೆ ಮಗುವಿನೊಡನೆ ಮಾತನಾಡುವಾಗ "ಆಮೇಲೆ ಏನಾಯಿತು? ಆಗ ನಿನಗೆ ಹೇಗನ್ನಿಸಿತು?" ಎಂದು ಕೇಳುತ್ತ, ಮಗು ಹೇಳಿದ್ದಕ್ಕೆ ಇನ್ನೊಂದು ವಿವರ ಸೇರಿಸುತ್ತ ಹೋಗುವ ತಾಯಂದಿರ ಮಕ್ಕಳು ಮುಂದೆ ತಮ್ಮ ಬದುಕನ್ನು ಹೆಚ್ಚು ತುಂಬಾಗಿ ನೆನೆಯಬಲ್ಲರು ಎಂಬುದನ್ನು ರಾಬಿನ್ ಫಿವುಷ್, ಇಲೇನ್ ರೀಸ್ ಮೊದಲಾದವರು ವರ್ಷಗಳ ಕಾಲ ಕುಟುಂಬಗಳನ್ನು ಹಿಂಬಾಲಿಸಿ ಕಂಡುಕೊಂಡರು. ನೆನಪಿಸಿಕೊಳ್ಳುವುದನ್ನು ಕೂಡ ಯಾರೋ ಕೇಳಿ ಕೇಳಿ ನಮಗೆ ಕಲಿಸಿರುತ್ತಾರೆ.

ಸ್ಯಾಕ್ಸ್ ಗುರುತಿಸಿದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಒಬ್ಬರು ತಮ್ಮ ಅನುಭವ ಹೇಳಿದಾಗ "ಅರ್ಥವಾಯಿತು" ಎನ್ನುವುದು ಸುಲಭ, ಯಾರು ಬೇಕಾದರೂ ಎನ್ನಬಹುದು. ಅರ್ಥವಾಗಿದೆ ಎಂದು ತೋರಿಸುವುದಕ್ಕೆ ಇರುವ ದಾರಿಗಳಲ್ಲಿ ಒಂದು, ಅಂಥದೇ ಸ್ಥಿತಿಯಲ್ಲಿ ತಾವೂ ಇದ್ದ ಮತ್ತೊಂದು ಕಥೆಯನ್ನು ಹೇಳುವುದು. ಹರಟೆಯಲ್ಲಿ ಕಥೆಗೆ ಕಥೆ ಕೂಡುತ್ತ ಹೋಗುವುದು ಇದರಿಂದ. ಆದರೆ ಎರಡನೆಯ ಕಥೆ ಮೊದಲನೆಯದರ ಗಾಯವನ್ನು ಮುಟ್ಟಬೇಕು. ಮುಟ್ಟದೆ, ತನ್ನ ಸರದಿಗಾಗಿ ಕಾದು ಕುಳಿತಿದ್ದ ಕಥೆಯಾದರೆ, ಮೊದಲು ಹೇಳಿದವರು ಆ ಕ್ಷಣವೇ ಒಳಗೆ ಸರಿದುಕೊಳ್ಳುತ್ತಾರೆ. ಈ ವ್ಯತ್ಯಾಸವನ್ನು ನಿಯಮವಾಗಿ ಬರೆದಿಡಲು ನನಗೆ ಸಾಧ್ಯವಾಗಿಲ್ಲ, ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ನನ್ನ ತಂದೆಯವರು ವಯಸ್ಸಾದ ಮೇಲೆ ತಮ್ಮ ಕೆಲಸದ ಮೊದಲ ದಿನದ ಕಥೆಯನ್ನು ಪದೇ ಪದೇ ಹೇಳುತ್ತಿದ್ದರು. ಒಂದು ರಾತ್ರಿ ಊಟಕ್ಕೆ ಕುಳಿತಿದ್ದಾಗ ನಾನು "ಅಪ್ಪ, ಇದನ್ನು ಹೇಳಿದ್ದೀರಿ" ಎಂದೆ. "ಹೌದಲ್ಲವೆ" ಎಂದು ಅವರು ನಿಲ್ಲಿಸಿದರು. ಮತ್ತೆ ಆ ಕಥೆಯನ್ನು ಅವರು ನನಗೆ ಹೇಳಲೇ ಇಲ್ಲ. ಇಂದು ಅದನ್ನು ಜೋಡಿಸಿಕೊಳ್ಳಲು ಕುಳಿತರೆ ಆರಂಭ ನೆನಪಿದೆ, ನಡುವೆ ಬರುವ ಮಳೆ ನೆನಪಿದೆ, ಬಾಗಿಲಲ್ಲಿ ಅವರನ್ನು ತಡೆದವರು ಏನೆಂದರು ಎಂಬುದು ನೆನಪಿಲ್ಲ. ಅಷ್ಟು ಸಲ ಕೇಳಿದ್ದರೂ ನಾನು ಹೂಂಗುಟ್ಟಿದ್ದು ಬಾಯಿಯಿಂದ ಮಾತ್ರ.

ಸಂಭಾಷಣೆ ಮುಗಿಯುವ ಬಗೆಯನ್ನು ಶೆಗ್ಲಾಫ್ ಮತ್ತು ಸ್ಯಾಕ್ಸ್ 1973ರ ಒಂದು ಲೇಖನದಲ್ಲಿ ವಿವರಿಸಿದ್ದಾರೆ. ಯಾರೂ ಥಟ್ಟನೆ ಮಾತು ಮುಗಿಸುವುದಿಲ್ಲ. "ಸರಿ", "ಆಯಿತು" ಎಂಬಂಥ ಚಿಕ್ಕ ಮಾತೊಂದನ್ನು ಮೊದಲು ಮುಂದಿಡುತ್ತಾರೆ. ಅದು ಮುಗಿಸೋಣವೆಂಬ ಸೂಚನೆ, ಜೊತೆಗೆ ಇಷ್ಟು ಹೊತ್ತು ಹೇಳದೆ ಉಳಿದದ್ದೇನಾದರೂ ಇದ್ದರೆ ಹೇಳಲು ಕೊನೆಯ ಅವಕಾಶ. ಕನ್ನಡದ "ಮತ್ತೇನು?" ಈ ಎರಡೂ ಕೆಲಸವನ್ನು ಒಟ್ಟಿಗೆ ಮಾಡುತ್ತದೆ. ಒಂದು ಗಂಟೆ ಕೆಲಸ, ಊಟ ಎಂದು ಮಾತನಾಡಿದವರು ನಿಜವಾಗಿ ಹೇಳಬೇಕೆಂದು ಬಂದದ್ದನ್ನು ಎದ್ದು ನಿಂತ ಮೇಲೆ, ಬಾಗಿಲ ಹತ್ತಿರ, ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳುವುದುಂಟು. ಈಗ ನಾನು ಯಾರನ್ನಾದರೂ ಬೀಳ್ಕೊಡುವಾಗ "ಮತ್ತೇನು?" ಎಂದು ಕೇಳಿ, ಅವರು ಬಗ್ಗಿ ಎರಡನೆಯ ಚಪ್ಪಲಿಯನ್ನೂ ಹಾಕಿಕೊಂಡು ತಲೆ ಎತ್ತುವವರೆಗೆ ಬಾಗಿಲಲ್ಲೇ ನಿಂತಿರುತ್ತೇನೆ.