ಬಿಡಿ ಸಿಗರೇಟಿನ ಮೇಲೆ ಎಚ್ಚರಿಕೆಯ ಚಿತ್ರವಿಲ್ಲ

ಕೇಳುಗ ಬಂಧುಗಳಿಗೆ ನಮಸ್ಕಾರ.

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಕಾಲೇಜು ಬಿಡುವ ಹೊತ್ತಿಗೆ ಯಾವುದಾದರೂ ಟೀ ಅಂಗಡಿಯ ಪಕ್ಕ ಸ್ವಲ್ಪ ಹೊತ್ತು ನಿಂತು ನೋಡಿ. ಹುಡುಗನೊಬ್ಬ ಬರುತ್ತಾನೆ. ಹೆಗಲಿಗೆ ಬ್ಯಾಗು, ಕಾಲೇಜಿನ ಗುರುತಿನ ಚೀಟಿಯನ್ನು ಮಾತ್ರ ಅಂಗಿಯ ಜೇಬಿಗೆ ತುರುಕಿಕೊಂಡಿರುತ್ತಾನೆ. ಬಾಯಿಬಿಟ್ಟು ಕೇಳುವುದೂ ಇಲ್ಲ, ಒಂದು ಬೆರಳು ತೋರಿಸುತ್ತಾನೆ, ಅಷ್ಟೆ. ಅಂಗಡಿಯವರು ಹಲಗೆಯ ಕೆಳಗೆ ಕೈ ಹಾಕಿ, ತೆರೆದಿಟ್ಟ ಪೊಟ್ಟಣದಿಂದ ಒಂದು ಸಿಗರೇಟನ್ನು ಎಳೆದು ಕೊಡುತ್ತಾರೆ. ಕಂಬಕ್ಕೆ ದಾರ ಕಟ್ಟಿ ಇಳಿಬಿಟ್ಟ ಲೈಟರ್ ಇದ್ದೇ ಇದೆ. ಹಚ್ಚಿಕೊಂಡ, ದುಡ್ಡು ಕೊಟ್ಟ, ಆಯಿತು. ಈ ಇಡೀ ವ್ಯವಹಾರದಲ್ಲಿ ಪೊಟ್ಟಣದ ಮುಖ ಅವನ ಕಣ್ಣಿಗೆ ಬೀಳಲೇ ಇಲ್ಲ.

ಆ ಮುಖದ ಮೇಲೆ ಅಂಥದ್ದೇನಿದೆ ಎನ್ನುತ್ತೀರಾ? ಪೊಟ್ಟಣದ ಎರಡೂ ಬದಿಯಲ್ಲಿ ಶೇಕಡಾ 85ರಷ್ಟು ಜಾಗವನ್ನು ಎಚ್ಚರಿಕೆಯ ಚಿತ್ರ ಮತ್ತು ಬರಹ ತುಂಬಿರಬೇಕು ಎನ್ನುತ್ತದೆ ಕಾನೂನು. ಕ್ಯಾನ್ಸರ್ ತಿಂದು ಹಾಕಿದ ಬಾಯಿ, ಹುಣ್ಣಾಗಿ ಬಿರಿದ ಕುತ್ತಿಗೆ. ಊಟಕ್ಕೆ ಮುಂಚೆ ನೋಡುವಂಥ ಚಿತ್ರಗಳಲ್ಲ. ನೋಡಿದವರಿಗೆ ಹೇಸಿಗೆಯಾಗಲಿ ಎಂದೇ ಅವುಗಳನ್ನು ಆರಿಸಿರುವುದು.

ಇಷ್ಟು ದೊಡ್ಡ ಚಿತ್ರ ಸುಮ್ಮನೆ ಬಂದದ್ದಲ್ಲ. 1975ರ ಕಾಯಿದೆಯ ಪ್ರಕಾರ ಪೊಟ್ಟಣದ ಮೇಲೆ ಇರಬೇಕಾಗಿದ್ದದ್ದು ‘ಸಿಗರೇಟು ಸೇವನೆ ಆರೋಗ್ಯಕ್ಕೆ ಹಾನಿಕರ’ ಎಂಬ ಅರ್ಥದ ಒಂದೇ ಒಂದು ಸಾಲು. ಅದೂ ಮೂಲೆಯಲ್ಲೆಲ್ಲೋ ಇರುವೆ ಸಾಲಿನಂಥ ಅಕ್ಷರಗಳಲ್ಲಿ. ಅಕ್ಷರ ಬಾರದವರ ಪಾಲಿಗೆ ಅದೂ ಇಲ್ಲ. 2003ರಲ್ಲಿ ಎಲ್ಲ ತಂಬಾಕು ಉತ್ಪನ್ನಗಳಿಗೂ ಅನ್ವಯಿಸುವ ಹೊಸ ಕಾಯಿದೆ ಬಂದರೂ, ಚಿತ್ರ ಬರಲು 2009ರ ಮೇ 31ರವರೆಗೆ ಕಾಯಬೇಕಾಯಿತು. ಆಗಲೂ ಮುಂಬದಿಯಲ್ಲಿ ಮಾತ್ರ, ಶೇಕಡಾ 40ರಷ್ಟು ಜಾಗ. ಜಗಿಯುವ ತಂಬಾಕಿನ ಮೇಲೆ ಆಗ ಹಾಕಿದ ಚಿತ್ರ ಯಾವುದು ಗೊತ್ತೇ? ಚೇಳು! ಚೇಳಿಗೂ ಬಾಯಿ ಹುಣ್ಣಿಗೂ ಏನು ನಂಟು ಎಂದು ಹಳ್ಳಿಯವರು ಹೇಗೆ ಊಹಿಸಬೇಕು? ಪ್ರಾಣಿ, ಪಕ್ಷಿಗಳ ಛಾಪು ನೋಡಿಯೇ ಸರಕು ಗುರುತಿಸುವ ನಮ್ಮ ಜನರಿಗೆ ಅದು ಎಚ್ಚರಿಕೆಗಿಂತ ಹೆಚ್ಚಾಗಿ ಕಂಪನಿಯ ಗುರುತಿನಂತೆ ಕಂಡಿದ್ದರೆ ತಪ್ಪು ಅವರದಲ್ಲ.

ಶೇಕಡಾ 85ರ ನಿಯಮ ಜಾರಿಗೆ ಬಂದದ್ದು 2016ರ ಏಪ್ರಿಲ್ 1ರಂದು. ತಂಬಾಕು ಉದ್ಯಮದವರು ನ್ಯಾಯಾಲಯದ ಮೆಟ್ಟಿಲೇರಿದರು. ದೇಶದ ಬೇರೆ ಬೇರೆ ಕಡೆಯ ಮೊಕದ್ದಮೆಗಳೆಲ್ಲ ವಿಚಾರಣೆಗೆ ಬಂದದ್ದು ನಮ್ಮ ಕರ್ನಾಟಕ ಹೈಕೋರ್ಟಿಗೇ. 2017ರ ಡಿಸೆಂಬರಿನಲ್ಲಿ ಹೈಕೋರ್ಟು ಆ ನಿಯಮವನ್ನು ರದ್ದು ಮಾಡಿತು. ಮರುತಿಂಗಳೇ, ಅಂದರೆ 2018ರ ಜನವರಿಯಲ್ಲಿ, ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಚಿತ್ರ ಉಳಿಯಿತು. ಲಾಭವಿಲ್ಲದ ಕಡೆ ವ್ಯಾಪಾರಿ ವಕೀಲರಿಗೆ ದುಡ್ಡು ಸುರಿಯುವುದಿಲ್ಲ. ಚಿತ್ರದಿಂದ ಏನೂ ಆಗುವುದಿಲ್ಲ ಎನ್ನುವವರು ಇದನ್ನೊಂದಿಷ್ಟು ಯೋಚಿಸಬೇಕು.

ಅಂಕಿ ಅಂಶವೂ ಹಾಗೆಯೇ ಹೇಳುತ್ತದೆ. 2016–17ರಲ್ಲಿ ದೇಶದಾದ್ಯಂತ ನಡೆದ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ, ಪೊಟ್ಟಣದ ಮೇಲಿನ ಎಚ್ಚರಿಕೆ ನೋಡಿ ಬಿಡಬೇಕೆಂದು ಯೋಚಿಸಿದ್ದೇವೆ ಎಂದವರು ಸಿಗರೇಟು ಸೇದುವವರಲ್ಲಿ ಸುಮಾರು ಶೇಕಡಾ 62, ಬೀಡಿ ಸೇದುವವರಲ್ಲಿ 54, ಹೊಗೆರಹಿತ ತಂಬಾಕು ಬಳಸುವವರಲ್ಲಿ 46. ಯೋಚಿಸಿದವರೆಲ್ಲ ಬಿಟ್ಟರೆಂದಲ್ಲ. ಆದರೆ ಸೇದುವವನನ್ನು ದಿನಕ್ಕೆ ಹತ್ತು ಬಾರಿ ತಡೆದು ಕೇಳುವ ಇನ್ನೊಂದು ಸಾಧನ ಸರ್ಕಾರದ ಕೈಯಲ್ಲಿ ಯಾವುದಿದೆ?

ಸರಿ, ಈಗ ನಮ್ಮ ಹುಡುಗನ ವಿಷಯಕ್ಕೆ ಬರೋಣ. ಪೊಟ್ಟಣವನ್ನೇ ಕೊಳ್ಳುವಷ್ಟು ದುಡ್ಡು ಅವನ ಬಳಿ ಇಲ್ಲ. ಇದ್ದರೂ ಮನೆಗೆ ಒಯ್ಯುವಂತಿಲ್ಲ. ಅಮ್ಮ ಪ್ಯಾಂಟು ಒಗೆಯಲು ಹಾಕುವಾಗ ಜೇಬು ತಡಕುತ್ತಾರೆ. ಹಾಗಾಗಿ ಅವನು ಕೊಳ್ಳುವುದು ಬಿಡಿ ಸಿಗರೇಟು. ಯಾರನ್ನು ಮೊದಲು ತಡೆಯಬೇಕೋ ಅವನೊಬ್ಬನನ್ನೇ ಬಿಟ್ಟು, ಆ ಚಿತ್ರ ಮಿಕ್ಕವರನ್ನೆಲ್ಲ ಎಚ್ಚರಿಸುತ್ತಿದೆ. ದಿನವಿಡೀ ಅದನ್ನು ನೋಡುವವರು ಅಂಗಡಿಯವರು ಮಾತ್ರ, ಪಾಪ! ಇನ್ನು ನಿಕೋಟಿನ್, ಎಳೆದ ಹೊಗೆಯಿಂದ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ಇನ್ನೂ ಬೆಳೆಯುತ್ತಿರುವ ಮಿದುಳಿಗೆ ಅದು ಬೇಗ ಒಗ್ಗಿಹೋಗುತ್ತದೆ. ‘ಒಂದೇ ಒಂದು, ಸ್ನೇಹಿತರ ಜೊತೆ’ ಎಂದು ಶುರುವಾದದ್ದು ಪದವಿ ಮುಗಿಯುವಷ್ಟರಲ್ಲಿ ದಿನದ ಪೊಟ್ಟಣಕ್ಕೆ ಬಂದು ನಿಂತಿರುತ್ತದೆ. ಆಗ ಚಿತ್ರ ಕಾಣುತ್ತದೆ, ನಿಜ. ಆದರೆ ಆ ಹೊತ್ತಿಗೆ ಕೈ ಅವನ ಮಾತು ಕೇಳುವುದಿಲ್ಲ.

ಇದು ಸರ್ಕಾರಕ್ಕೆ ತಿಳಿಯದ್ದೇನೂ ಅಲ್ಲ. 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಕರ್ನಾಟಕದ ತಿದ್ದುಪಡಿ ಕಾಯಿದೆಯ ಪ್ರಕಾರ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಮೊದಲು ಈ ಮಿತಿ 18 ಇತ್ತು. ಶಾಲೆ ಕಾಲೇಜುಗಳಿಂದ 100 ಮೀಟರ್ ಒಳಗೆ ಮಾರುವಂತಿಲ್ಲ. ಬಿಡಿಯಾಗಿಯೂ ಮಾರುವಂತಿಲ್ಲ. ನನ್ನ ಮಟ್ಟಿಗೆ ಈ ಮೂರರಲ್ಲಿ ಕೊನೆಯದೇ ದೊಡ್ಡದು, ಪಾಲನೆಯಲ್ಲಿ ಎಲ್ಲಕ್ಕಿಂತ ಹಿಂದುಳಿದಿರುವುದೂ ಅದೇ. ಅಂಗಡಿಯವರನ್ನು ಕೇಳಿದರೆ, ‘ನಾನು ಕೊಡದಿದ್ದರೆ ಪಕ್ಕದವನು ಕೊಡುತ್ತಾನೆ ಸಾರ್, ಟೀ ವ್ಯಾಪಾರವೂ ಅವನಿಗೇ ಹೋಗುತ್ತದೆ’ ಎನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ. ವರ್ಷಕ್ಕೊಂದು ಸಲ ಜೀಪಿನಲ್ಲಿ ಬಂದು ಒಬ್ಬರಿಗೆ ದಂಡ ಹಾಕಿ, ಫೋಟೊ ತೆಗೆಸಿಕೊಂಡು ಹೋದರೆ ಪಕ್ಕದವರಿಗೆ ಲಾಭವೇ ಹೊರತು ಬೇರೇನೂ ಇಲ್ಲ. ಇಡೀ ಬೀದಿಯಲ್ಲಿ ಒಂದೇ ದಿನ ಬಿಡಿ ಮಾರಾಟ ನಿಲ್ಲಬೇಕು.

ಕೆನಡಾ ಇದಕ್ಕೆ ಬೇರೊಂದು ದಾರಿ ಹಿಡಿದಿದೆ. ಪೊಟ್ಟಣದ ಮೇಲೆ ಚಿತ್ರ ಹಾಕಿಸುವುದನ್ನು ಜಗತ್ತಿನಲ್ಲೇ ಮೊದಲು ಆರಂಭಿಸಿದ ದೇಶ ಅದು. 2023ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದೊಂದು ಸಿಗರೇಟಿನ ಮೈಮೇಲೂ ಎಚ್ಚರಿಕೆ ಅಚ್ಚು ಹಾಕಬೇಕೆಂಬ ನಿಯಮ ತಂದಿತು. ಪ್ರತಿ ದಮ್ಮಿನಲ್ಲೂ ವಿಷವಿದೆ ಎಂಬರ್ಥದ ಸಾಲು ತುಟಿಗಿಡುವ ತುದಿಯ ಹತ್ತಿರವೇ ಇರುತ್ತದೆ. ಬಿಡಿ ಮಾರಾಟ ಇಷ್ಟೊಂದಿರುವ ನಮ್ಮ ದೇಶಕ್ಕೆ ಇದು ಕೆನಡಾಕ್ಕಿಂತ ಹೆಚ್ಚು ಅಗತ್ಯ.

ಸಿಗರೇಟಿಗೆ ಸರಿ, ಬೀಡಿಗೆ ಏನು ಮಾಡುವುದು? ತುಮಕೂರಿನವರಿಗೆ ಬೀಡಿ ದೂರದ ವಿಷಯವಲ್ಲ. ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ತೊಡೆಯ ಮೇಲೆ ಮೊರ ಇಟ್ಟುಕೊಂಡು, ಎಲೆ ಕತ್ತರಿಸಿ, ಪುಡಿ ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟುವ ಕೆಲಸದಲ್ಲೇ ಆಯುಷ್ಯ ಕಳೆದಿದ್ದಾರೆ. ಸೇದುವವನಿಗಾದರೂ ಚಿತ್ರವಿದೆ; ದಿನವಿಡೀ ಆ ದೂಳು ಕುಡಿಯುವ ಇವರ ಮೊರದ ಮೇಲೆ ಯಾವ ಎಚ್ಚರಿಕೆಯೂ ಇಲ್ಲ. ಇದು ಇನ್ನೊಂದು ದಿನದ ಮಾತು, ಆದರೂ ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ. ಬೀಡಿ ಕಟ್ಟಿನ ತೆಳು ಕಾಗದದ ಮೇಲೆ ಚಿತ್ರ ಮಸುಕಾಗಿ, ಮಡಿಕೆಗಳಲ್ಲಿ ಮುದುಡಿಹೋಗಿರುತ್ತದೆ. ಮೊದಲು ಅದನ್ನಾದರೂ ಕಣ್ಣಿಗೆ ಕಾಣುವಂತೆ ಅಚ್ಚು ಮಾಡಲಿ.

ಬಿಡಿ ಕೊಳ್ಳುವವರಿಗೆ ಪೊಟ್ಟಣದಿಂದ ಸಿಗದೆ ಹೋಗುವುದು ಚಿತ್ರವೊಂದೇ ಅಲ್ಲ. 2018ರ ಸೆಪ್ಟೆಂಬರಿನಿಂದ ಅದರ ಮೇಲೆ ಒಂದು ದೂರವಾಣಿ ಸಂಖ್ಯೆಯೂ ಇದೆ. ತಂಬಾಕು ಬಿಡಬೇಕೆನ್ನುವವರು ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು. ಪೊಟ್ಟಣ ನೋಡದವರಿಗಾಗಿ ಅದನ್ನು ಬಾನುಲಿಯಲ್ಲಿ ಹೇಳುತ್ತೇನೆ. ಕೈಯಲ್ಲಿ ಪೆನ್ನಿದ್ದರೆ ಬರೆದುಕೊಳ್ಳಿ: 1800-11-2356. ಇನ್ನೊಮ್ಮೆ ಹೇಳುತ್ತೇನೆ, 1800-11-2356.

ನಮಸ್ಕಾರ.