ಎತ್ತಲಾಗದ ಕೈ, ಎತ್ತಿಸಲೂ ಆಗದ ಕೈ

ಕೇಳುಗರೆಲ್ಲರಿಗೂ ನಮಸ್ಕಾರ.

ಮೂಳೆ ಮತ್ತು ಕೀಲಿನ ವೈದ್ಯರ ಬಳಿಗೆ ಭುಜದ ನೋವೆಂದು ಬರುವವರಲ್ಲಿ ಅನೇಕರು ರೋಗದ ಹೆಸರನ್ನೂ ತಾವೇ ಹೊತ್ತು ತಂದಿರುತ್ತಾರೆ. "ಡಾಕ್ಟ್ರೇ, ನನಗೆ ಫ್ರೋಜನ್ ಶೋಲ್ಡರ್ ಆಗಿದೆ" ಎಂಬಲ್ಲಿಂದಲೇ ಅವರ ಮಾತು ಶುರುವಾಗುತ್ತದೆ. ಪಕ್ಕದ ಮನೆಯವರು ಹೇಳಿರುತ್ತಾರೆ, ಮೊಬೈಲಿನಲ್ಲಿ ನೋಡಿರುತ್ತಾರೆ, ಕೆಲವೊಮ್ಮೆ ಮೊದಲು ನೋಡಿದ ವೈದ್ಯರೇ ಚೀಟಿಯ ಮೇಲೆ ಬರೆದುಕೊಟ್ಟಿರುತ್ತಾರೆ. ಕೆಲವರಿಗೆ ಅದೇ ಆಗಿರುವುದೂ ಉಂಟು. ಉಳಿದವರ ನೋವಿನ ಬೇರು ಭುಜದ ಬೇರೊಂದು ಭಾಗದಲ್ಲಿಯೋ ಕತ್ತಿನಲ್ಲಿಯೋ, ಅಪರೂಪಕ್ಕೆ ಎದೆಯ ಒಳಗೋ ಇರುತ್ತದೆ. ಭುಜದ ನೋವಿಗೆಲ್ಲ ಈ ಒಂದೇ ಹೆಸರನ್ನು ಅಂಟಿಸುವ ರೂಢಿಯಿಂದ ಆಗುವ ತೊಂದರೆಯನ್ನು ನಾನು ಹತ್ತಿರದಿಂದ ಕಂಡಿರುವುದರಿಂದ, ಈ ಹೆಸರು ಯಾವ ನೋವಿಗೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ ಎಂಬುದನ್ನು ಇಂದು ವಿವರಿಸಬೇಕೆಂದಿದ್ದೇನೆ.

ತೋಳಿನ ಮೂಳೆಯ ದುಂಡನೆಯ ತಲೆ ಹೆಗಲ ಹಲಗೆಯ ಆಳವಿಲ್ಲದ ಬಟ್ಟಲಿಗೆ ತಾಗಿಕೊಂಡು ತಿರುಗುವ ಜಾಗವೇ ಭುಜದ ಕೀಲು. ಅದರ ಸುತ್ತ ತೆಳುವಾದ, ಸಡಿಲವಾದ ಒಂದು ಚೀಲವಿದೆ. ಕೈ ಇಳಿಬಿಟ್ಟಾಗ ರವಿಕೆಯ ಕಂಕುಳಿನ ಬಟ್ಟೆ ನೆರಿಗೆಗಟ್ಟುವಂತೆ ಈ ಚೀಲದ ಕೆಳಭಾಗವೂ ಮಡಿಸಿಕೊಂಡಿರುತ್ತದೆ, ಕೈ ಎತ್ತಿದಾಗ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಫ್ರೋಜನ್ ಶೋಲ್ಡರ್‌ನಲ್ಲಿ ಈ ಚೀಲಕ್ಕೆ ಉರಿಯೂತ ಬಂದು, ಅದು ದಪ್ಪಗಾಗಿ, ನೀರಿಗೆ ಹಾಕಿದ ಹೊಸ ಬಟ್ಟೆಯಂತೆ ಕುಗ್ಗುತ್ತದೆ. ಮಡಿಕೆಯೇ ಉಳಿಯದಿದ್ದರೆ ಕೈ ಮೇಲೇಳುವುದು ಹೇಗೆ? ಪ್ಯಾರಿಸ್ಸಿನ ಡ್ಯೂಪ್ಲೆ 1872ರಲ್ಲಿಯೇ ಇಂಥ ಬಿಗಿತವನ್ನು ವರ್ಣಿಸಿದ್ದರು. ಈಗ ಬಳಕೆಯಲ್ಲಿರುವ ಹೆಸರನ್ನು 1934ರಲ್ಲಿ ಕೊಟ್ಟವರು ಬಾಸ್ಟನ್ನಿನ ಶಸ್ತ್ರವೈದ್ಯ ಕಾಡ್ಮನ್. ಇದನ್ನು ವಿವರಿಸುವುದೂ ಗುಣಪಡಿಸುವುದೂ ಕಷ್ಟವೆಂದು ಅವರೇ ಒಪ್ಪಿಕೊಂಡಿದ್ದರು. ಜಪಾನೀಯರು ಇದನ್ನು 'ಐವತ್ತರ ಭುಜ' ಎನ್ನುತ್ತಾರೆ. ನಲವತ್ತರಿಂದ ಅರವತ್ತರ ನಡುವೆ, ಅದರಲ್ಲೂ ಹೆಂಗಸರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ ನಮ್ಮ ಹೆಸರಿಗಿಂತ ಅವರ ಹೆಸರೇ ಹೆಚ್ಚು ಅರ್ಥಪೂರ್ಣವೆಂದು ನನಗೆ ಅನ್ನಿಸುತ್ತದೆ. 'ಹೆಪ್ಪುಗಟ್ಟಿದ ಭುಜ' ಎಂದು ಕನ್ನಡಿಸಿದ್ದನ್ನು ಓದಿ, ಫ್ಯಾನಿನ ಗಾಳಿಯಿಂದಲೂ ತಣ್ಣೀರಿನಿಂದಲೂ ಇದು ಬಂತೆಂದು ನಂಬಿದವರನ್ನು ನಾನು ನೋಡಿದ್ದೇನೆ.

ಇದನ್ನು ಗುರುತಿಸಲು ಕೇಳಬೇಕಾದ ಮುಖ್ಯ ಪ್ರಶ್ನೆ ಕೈ ಎತ್ತಲು ಆಗುತ್ತದೆಯೇ ಎಂಬುದಲ್ಲ, ಬೇರೆಯವರು ಎತ್ತಿದರೆ ಏಳುತ್ತದೆಯೇ ಎಂಬುದು. ರೇಡಿಯೊದ ಮುಂದೆ ಕುಳಿತವರು ಈಗಲೇ ಪರೀಕ್ಷಿಸಿಕೊಳ್ಳಬಹುದು. ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದು, ಮುಂದೋಳುಗಳನ್ನು ನೇರ ಮುಂದಕ್ಕೆ ಚಾಚಿ, ಹೆಬ್ಬೆರಳುಗಳು ಮೇಲೆ ನೋಡುವಂತೆ ಇಟ್ಟುಕೊಳ್ಳಿ. ಮೊಣಕೈ ಪಕ್ಕೆಯನ್ನು ಬಿಡದಂತೆ, ಜೋಡಿ ಬಾಗಿಲು ತೆರೆಯುವ ಹಾಗೆ ಎರಡೂ ಮುಂದೋಳುಗಳನ್ನು ಹೊರಕ್ಕೆ ತಿರುಗಿಸಿ. ಆರೋಗ್ಯವಂತ ಭುಜದಲ್ಲಿ ಈ ಬಾಗಿಲು ಸಾಕಷ್ಟು ದೂರ ತೆರೆದುಕೊಳ್ಳುತ್ತದೆ. ಫ್ರೋಜನ್ ಶೋಲ್ಡರ್ ಬಲಿತವರಲ್ಲಿ ಒಂದು ಕೈ ಸರಾಗವಾಗಿ ಹೋಗಿ, ಇನ್ನೊಂದು ಮೂಗಿನ ನೇರದಲ್ಲಿಯೇ ನಿಂತುಬಿಡುತ್ತದೆ. ಈಗ ಮನೆಯವರಲ್ಲೊಬ್ಬರು ಆ ಮುಂದೋಳನ್ನು ಮೆಲ್ಲಗೆ ಹೊರಕ್ಕೆ ತಳ್ಳಲಿ. ಆಗಲೂ ಅಲ್ಲಿಯೇ ನಿಂತರೆ, ಒಳಗಿನಿಂದ ಯಾರೋ ಅಗುಳಿ ಹಾಕಿದಂತೆ ತಡೆದರೆ, ತಿರುಗಣಿಯೇ ಬಿಗಿದಿದೆ ಎಂದು ತಿಳಿಯಬಹುದು. ಒಂದು ಎಚ್ಚರಿಕೆ ಇದೆ: ಕೈಯನ್ನು ಮೇಲಕ್ಕೆ ಎತ್ತಲು ಹೇಳಿದಾಗ ಇಂಥವರು ಹೆಗಲ ಹಲಗೆಯನ್ನೇ ಕಿವಿಯತ್ತ ಜಾರಿಸಿ, ಸೊಂಟವನ್ನೂ ವಾಲಿಸಿ, ಅರ್ಧದಷ್ಟು ಎತ್ತಿ ತೋರಿಸಿಬಿಡುತ್ತಾರೆ. ಹಾಗಾಗಿ ಅವರ ಅಂಗಿ ಕಳಚಿಸಿ, ಬೆನ್ನ ಹಿಂದೆ ನಿಂತು, ಹಲಗೆಯನ್ನು ಅಂಗೈಯಿಂದ ಅದುಮಿ ಹಿಡಿಯದೆ ಪರೀಕ್ಷೆ ಪೂರ್ತಿಯಾಗದು.

ಇನ್ನೊಂದು ಬಗೆಯ ಭುಜದಲ್ಲಿ ತಿರುಗಣಿ ಚೆನ್ನಾಗಿಯೇ ಇರುತ್ತದೆ, ಬಾಗಿಲೆಳೆಯುವ ಹಗ್ಗ ಹರಿದಿರುತ್ತದೆ. ತೋಳಿನ ಮೂಳೆಯ ತಲೆಯನ್ನು ಅಪ್ಪಿಕೊಂಡಿರುವ ನಾಲ್ಕು ಸ್ನಾಯುಗಳ ಪಟ್ಟಿಯನ್ನು ರೊಟೇಟರ್ ಕಫ್ ಎನ್ನುತ್ತೇವೆ. ಅದು ದೊಡ್ಡದಾಗಿ ಹರಿದವರಿಗೆ ತಾವಾಗಿ ಕೈ ಎತ್ತಲು ಆಗುವುದಿಲ್ಲ, ಆದರೆ ಬೇರೆಯವರು ಎತ್ತಿದರೆ ಕಿವಿಯವರೆಗೂ ಹೋಗುತ್ತದೆ. ಹಲವು ವರ್ಷಗಳ ಹಿಂದೆ ಅಡಿಕೆ ಮಂಡಿಯಲ್ಲಿ ಮೂಟೆ ಹೊರುವ ಒಬ್ಬರು 'ಫ್ರೋಜನ್ ಶೋಲ್ಡರ್' ಎಂದು ಬರೆದಿದ್ದ ಚೀಟಿಯೊಂದಿಗೆ ನನ್ನ ಬಳಿಗೆ ಬಂದಿದ್ದರು. ಹೊರಗೆ ಸರದಿ ಉದ್ದವಾಗಿತ್ತು. ಅವರು ಎತ್ತಲಾರದ ಕೈಯನ್ನು ಕಂಡೆನೇ ಹೊರತು ನನ್ನ ಕೈಯಿಂದ ಎತ್ತಿ ನೋಡಲಿಲ್ಲ. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮಕ್ಕೆ ಕಳುಹಿಸಿದೆ. ಮೂರನೆಯ ದಿನ ಫಿಸಿಯೊಥೆರಪಿಯ ಹುಡುಗಿ ಫೋನ್ ಮಾಡಿ, "ಸರ್, ಇವರ ಕೈ ನಾನು ಎತ್ತಿದರೆ ಪೂರ್ತಿ ಹೋಗುತ್ತೆ, ಬಿಟ್ಟರೆ ಧೊಪ್ಪನೆ ಬೀಳುತ್ತೆ" ಎಂದಳು. ಮೂಟೆ ಜಾರಿದಾಗ ತಡೆಯಲು ಹೋಗಿ ಪಟ್ಟಿ ಹರಿದಿತ್ತು. ಅಂದಿನಿಂದ ಚೀಟಿಯಲ್ಲಿ ಏನೇ ಬರೆದಿರಲಿ, ರೋಗಿಯ ಕೈ ಹಿಡಿದು ಎತ್ತಿ ನೋಡದೆ ನಾನು ಪೆನ್ನು ಮುಟ್ಟುವುದಿಲ್ಲ. ಪೆಟ್ಟಿನಿಂದ ಹರಿದ ಪಟ್ಟಿ ತಿಂಗಳುಗಟ್ಟಲೆ ಹಾಗೆಯೇ ಉಳಿದರೆ ಹಿಂದಕ್ಕೆ ಸರಿದು, ಅದರ ಮಾಂಸಖಂಡ ಸೊರಗಿ ಕೊಬ್ಬಾಗುತ್ತದೆ, ಆಮೇಲೆ ಹೊಲಿದರೂ ಕೂಡುವುದು ಕಷ್ಟ.

ಪಟ್ಟಿ ಹರಿಯದೆ ಬರಿದೆ ಉಜ್ಜಿಕೊಂಡು ಊದಿಕೊಂಡಿದ್ದರೆ ಕೈಯನ್ನು ಪಕ್ಕದಿಂದ ಎತ್ತುವಾಗ ಸುಮಾರು 60 ಡಿಗ್ರಿಯಿಂದ 120 ಡಿಗ್ರಿಯವರೆಗೆ ಮಾತ್ರ ನೋವು ಬಂದು, ಅದನ್ನು ದಾಟಿದ ಮೇಲೆ ಹಗುರಾಗುತ್ತದೆ. ಪಟ್ಟಿಯಲ್ಲಿ ಸುಣ್ಣ ಕಟ್ಟಿಕೊಂಡವರಿಗೆ ಒಂದೇ ರಾತ್ರಿಯಲ್ಲಿ ಭುಜ ಮುಟ್ಟಿಸಿಕೊಳ್ಳಲಾಗದಷ್ಟು ನೋವೆದ್ದು, ಎಕ್ಸ್‌-ರೇಯಲ್ಲಿ ಆ ಸುಣ್ಣದ ಚುಕ್ಕೆ ಬೆಳ್ಳಗೆ ಕಾಣುತ್ತದೆ.

ಬೇರೆಯವರು ಎತ್ತಿದರೂ ಏಳದ ಭುಜವೆಲ್ಲ ಫ್ರೋಜನ್ ಶೋಲ್ಡರ್ ಆಗಿರುವುದೂ ಇಲ್ಲ. ಕೀಲು ಸವೆದವರ ಕೈಯೂ ಹೀಗೆಯೇ ತಡೆಯುತ್ತದೆ. ಫಿಟ್ಸ್ ಬಂದವರಲ್ಲಿ ಅಥವಾ ಕರೆಂಟು ಹೊಡೆದವರಲ್ಲಿ ತೋಳಿನ ಮೂಳೆಯ ತಲೆ ಹಿಂದಕ್ಕೆ ಜಾರಿ ಸಿಕ್ಕಿಕೊಂಡಿರುತ್ತದೆ. ಎದುರಿನಿಂದ ತೆಗೆದ ಎಕ್ಸ್‌-ರೇಯಲ್ಲಿ ಅದು ಸರಿಯಾಗಿಯೇ ಇರುವಂತೆ ಕಂಡು ಮೋಸ ಮಾಡುವುದರಿಂದ, ಇಂಥವರಿಗೆ ಬೇರೆ ಕೋನದ ಚಿತ್ರವನ್ನೂ ತೆಗೆಸಲೇಬೇಕು. ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾಯಿಲೆ ಭುಜದ ಕ್ಷಯ. ಇದರಲ್ಲಿ ಕೀವು ಬಾರದೆ, ಊತವೂ ಹೆಚ್ಚು ಕಾಣದೆ, ಕೀಲು ಒಣಗಿದಂತೆ ಬಿಗಿಯುವುದುಂಟು. ಭುಜದ ದುಂಡು ಕರಗಿ ಮೂಳೆ ಎದ್ದು ಕಾಣತೊಡಗಿದರೆ, ತೂಕ ಇಳಿಯುತ್ತಿದ್ದರೆ, ಸಂಜೆಯ ಜ್ವರವಿದ್ದರೆ ಅದರ ಮೇಲೆ ಅನುಮಾನ ಬರಬೇಕು. ಅದನ್ನು ಅರಿಯದೆ ಕೀಲಿನೊಳಗೆ ಸ್ಟೀರಾಯ್ಡ್ ಚುಚ್ಚಿದರೆ ರೋಗಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಆದ್ದರಿಂದ ಫ್ರೋಜನ್ ಶೋಲ್ಡರ್ ಎಂಬ ಹೆಸರಿಗೆ ಎರಡು ಸಾಕ್ಷಿಗಳು ಒಟ್ಟಿಗೆ ಬೇಕು: ಬೇರೆಯವರ ಕೈಗೂ ಬಗ್ಗದ ಭುಜ ಮತ್ತು ಮೂಳೆ, ಕೀಲು ಸರಿಯಾಗಿವೆ ಎನ್ನುವ ಎಕ್ಸ್‌-ರೇ. "ಎಕ್ಸ್‌-ರೇಯಲ್ಲಿ ಏನೂ ಇಲ್ಲ ಅಂದರು, ದುಡ್ಡು ದಂಡ" ಎಂದು ಬೇಸರಪಡುವವರಿಗೆ, ಏನೂ ಇಲ್ಲದಿರುವುದೇ ನಮಗೆ ಬೇಕಾಗಿದ್ದ ಉತ್ತರ ಎಂದು ನಾನು ಹೇಳುತ್ತೇನೆ. ಹೆಚ್ಚಿನವರಿಗೆ ಎಂಆರ್‌ಐ ಬೇಕಾಗುವುದಿಲ್ಲ. ಅರವತ್ತು ದಾಟಿದ ಅನೇಕರ ಭುಜದಲ್ಲಿ ನೋವೇ ಕೊಡದ ಪಟ್ಟಿಯ ಸೀಳುಗಳು ಆ ಚಿತ್ರದಲ್ಲಿ ಕಂಡು, ಇಲ್ಲದ ಗಾಬರಿ ಹುಟ್ಟಿಸುತ್ತವೆ.

ಕತ್ತಿನ ನರ ಒತ್ತಿಕೊಂಡ ನೋವಿನ ನಡೆಯೇ ಬೇರೆ. ಭುಜದ ಕೀಲಿನ ನೋವು ಸಾಮಾನ್ಯವಾಗಿ ರಟ್ಟೆಯಲ್ಲಿ ನಿಲ್ಲುತ್ತದೆ, ಕತ್ತಿನದು ಮೊಣಕೈ ದಾಟಿ ಬೆರಳಿನವರೆಗೆ ಜುಮ್ಮೆಂದು ಇಳಿಯುತ್ತದೆ. ಅಂಥವರಲ್ಲಿ ಕೆಲವರು ಕೈಯನ್ನು ತಲೆಯ ಮೇಲಿಟ್ಟುಕೊಂಡೇ ಒಳಗೆ ಬರುತ್ತಾರೆ, ಹಾಗಿಟ್ಟರೆ ನರದ ಎಳೆತ ತಗ್ಗಿ ಅವರಿಗೆ ಆರಾಮ. ಫ್ರೋಜನ್ ಶೋಲ್ಡರ್ ಇರುವವರು ಆ ಭಂಗಿಗೆ ಬರಲಾರರು. ಭುಜವನ್ನು ಎತ್ತ ತಿರುಗಿಸಿದರೂ ನೋವಾಗದೆ, ಮೆಟ್ಟಿಲು ಹತ್ತುವಾಗ ಮಾತ್ರ ಎಡಭುಜ ನೋಯುತ್ತಿದ್ದರೆ ಅಥವಾ ಅದರ ಜೊತೆಗೆ ಬೆವರು, ಎದೆಯ ಬಿಗಿತ ಬಂದರೆ ಅದು ಹೃದಯದ ಮಾತು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಹಳ ಕಾಲ ಬೀಡಿ ಸೇದಿದವರಲ್ಲಿ ಹಗಲು ರಾತ್ರಿ ಬಿಡದ ಭುಜನೋವಿನೊಂದಿಗೆ ಅಂಗೈಯ ಮಾಂಸ ಕರಗುತ್ತಿದ್ದರೆ ಗೆಡ್ಡೆಯೇನಾದರೂ ಇದೆಯೇ ಎಂದು ಶ್ವಾಸಕೋಶದ ಮೇಲ್ತುದಿಯನ್ನು ನೋಡಲೇಬೇಕು.

ಆದರೆ ಮೊದಲ ಕೆಲವು ವಾರಗಳಲ್ಲಿ ನಮಗೂ ಹೆಸರು ಹೇಳಲು ಆಗುವುದಿಲ್ಲ. ಆಗ ನೋವು ಮುಂದಿರುತ್ತದೆ, ಬಿಗಿತ ಹಿಂದಿರುತ್ತದೆ. ಆ ಮಗ್ಗುಲಾಗಿ ಮಲಗಲಾಗದೆ ರಾತ್ರಿ ಎಚ್ಚರವಾಗುತ್ತದೆ, ಬಸ್ಸಿನ ಕಂಬಿಯನ್ನು ತಟ್ಟನೆ ಹಿಡಿದರೆ ಕಣ್ಣಲ್ಲಿ ನೀರು ಬರುತ್ತದೆ. ಆಮೇಲೆ ನಿಧಾನವಾಗಿ ಬೆನ್ನ ಹಿಂದಿನ ಹುಕ್ಕು, ಹಿಂಬದಿಯ ಜೇಬಿನ ಪರ್ಸು, ಜಡೆಯ ತುದಿ ಒಂದೊಂದಾಗಿ ಕೈಗೆ ಎಟುಕದಂತಾಗುತ್ತವೆ. ಹೀಗಾಗಿ ಅನುಮಾನವಿದ್ದವರನ್ನು ಮೂರು ವಾರ ಬಿಟ್ಟು ಮತ್ತೆ ಕರೆಸಿ, ಅದೇ ಬಾಗಿಲ ಪರೀಕ್ಷೆಯನ್ನು ಅಳೆದು ಬರೆದಿಡುತ್ತೇನೆ. ಸಾಮಾನ್ಯರಲ್ಲಿ 100ಕ್ಕೆ 2ರಿಂದ 5 ಜನರಿಗೆ ಬರುವುದೆಂದು ಅಂದಾಜಿರುವ ಈ ಕಾಯಿಲೆ ಸಕ್ಕರೆ ಕಾಯಿಲೆಯವರಲ್ಲಿ ಅದರ ಹಲವು ಪಟ್ಟು ಹೆಚ್ಚು. ಥೈರಾಯ್ಡ್ ತೊಂದರೆಯವರಲ್ಲಿಯೂ ಹೆಚ್ಚು. ಭುಜ ತೋರಿಸಲು ಬಂದು, ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇರುವುದು ಮೊದಲ ಬಾರಿಗೆ ಗೊತ್ತಾದವರೂ ಇದ್ದಾರೆ.

ಹೆಸರು ಖಚಿತವಾದ ಮೇಲೆ ದಾರಿ ಅಷ್ಟು ಗೋಜಲಿನದಲ್ಲ. ನೋವಿನ ಹಂತದಲ್ಲಿ ಕೀಲಿನೊಳಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಅನೇಕರಿಗೆ ನಿದ್ದೆಯನ್ನು ಮರಳಿಸುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುವುದರಿಂದ ಮೊದಲೇ ತಿಳಿಸಿರಬೇಕು. ಆ ಹಂತದಲ್ಲಿ ಜೋರಾಗಿ ಎಳೆಸಿಕೊಳ್ಳುವುದಾಗಲಿ, ಕಂಬಿಗೆ ಜೋತುಬೀಳುವುದಾಗಲಿ ಉರಿಯೂತವನ್ನು ಕೆಣಕುತ್ತದೆ. ನೋವು ತಗ್ಗಿ ಬಿಗಿತವಷ್ಟೇ ಉಳಿದಾಗ ಎಳೆತದ ವ್ಯಾಯಾಮಕ್ಕೆ ಬೆಲೆ ಬರುತ್ತದೆ. ಹೆಚ್ಚಿನ ಭುಜಗಳು ಒಂದರಿಂದ ಮೂರು ವರ್ಷಗಳೊಳಗೆ ಬಹುಮಟ್ಟಿಗೆ ಸಡಿಲವಾಗುತ್ತವೆ, ಕೆಲವರಲ್ಲಿ ಕೊಂಚ ಬಿಗಿತ ಉಳಿಯುತ್ತದೆ. ಯಾವುದಕ್ಕೂ ಬಗ್ಗದ ಕೆಲವನ್ನು ಅರಿವಳಿಕೆ ಕೊಟ್ಟು ಬಿಡಿಸಬೇಕಾಗುತ್ತದೆ.

ಕಪ್ಪುಹಲಗೆಯ ಮೇಲೆ ಬರೆಯಲಾಗದೆ ವರ್ಷವಿಡೀ ಒದ್ದಾಡಿ ಗುಣವಾದ ಶಿಕ್ಷಕಿಯೊಬ್ಬರು ಕೊನೆಯ ಭೇಟಿಯಲ್ಲಿ, "ಇದು ಮತ್ತೆ ಬರುತ್ತದೆಯೇ ಡಾಕ್ಟ್ರೇ?" ಎಂದು ಕೇಳಿದ್ದರು. ಅದೇ ಭುಜಕ್ಕೆ ಮರಳಿ ಬರುವುದು ತೀರ ಅಪರೂಪ, ಇನ್ನೊಂದು ಭುಜಕ್ಕೆ ಬರುವ ಸಾಧ್ಯತೆ ಮಾತ್ರ ಇದೆ ಎಂದೆ. ಅವರು ಅಲ್ಲಿಯೇ ಎದ್ದು ನಿಂತು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಎರಡೂ ಮುಂದೋಳುಗಳನ್ನು ಬಾಗಿಲಿನಂತೆ ತೆರೆದು ನೋಡಿಕೊಂಡರು.

ನಮಸ್ಕಾರ.